ಮಣ್ಣು ನೆಕ್ಕಿ ಪಾಸಾದವಳು

ನನ್ನ ಮೊಮ್ಮಗಳು ವಿಮಾನ ಹತ್ತಿ ಹಾಲೆಂಡ್ ದೇಶಕ್ಕೆ ಹೋಗಿ, ಎರಡು ವರ್ಷ ಓದಿ ಕಲಿತ ವಿದ್ಯೆ ಯಾವುದು ಗೊತ್ತೇ? ಮಣ್ಣಿಗೆ ಉಪ್ಪು ಹಾಕುವುದು! ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇ? ನನ್ನ ಸೊಸೆ, ಅಂದರೆ ಅವಳ ಅವ್ವ, ಮಾಡುವ ಸಾರನ್ನು ಒಂದು ದಿನ ಹೊಲಕ್ಕೆ ಸುರಿದಿದ್ದರೆ ಅತನೂರಿನಲ್ಲೇ ಕೂತು ಕಲಿಯಬಹುದಿತ್ತು.

ನನಗೆ ಓದು ಎಂದರೆ ಬಸ್ಸಿನ ಬೋರ್ಡು ಓದುವಷ್ಟು. ಆಳಂದ, ಅಫಜಲಪುರ, ಜೇವರ್ಗಿ ಬೇರೆ ಬೇರೆ ಎಂದು ತಿಳಿಯುತ್ತದೆ, ಇದುವರೆಗೆ ತಪ್ಪು ಬಸ್ಸು ಹತ್ತಿಲ್ಲ. ಅಷ್ಟೆಲ್ಲ ಓದಿದ ಮೊಮ್ಮಗಳು ಆಳಂದದಿಂದ ಊರಿಗೆ ಬರುವಾಗ ಸೊಲ್ಲಾಪುರದ ಬಸ್ಸು ಹತ್ತಿದವಳು. ಯಾಕೆಂದು ಕೇಳಿದರೆ, ಸ್ಟ್ಯಾಂಡಿನ ಹಿಂದಿನ ಮಣ್ಣು ನೋಡುತ್ತಿದ್ದಳಂತೆ.

ಅವಳ ಹುಚ್ಚು ಶುರುವಾದದ್ದು ನಮ್ಮ ಹಳ್ಳದ ಹೊಲದಲ್ಲಿ. ಕಬ್ಬಿನ ಆಸೆಗೆ ನಮ್ಮ ಕಡೆ ಎಲ್ಲರೂ ನೀರು ಬಿಟ್ಟಿದ್ದೇ ಬಿಟ್ಟಿದ್ದು. ಕುಡಿದು ಕುಡಿದು ಆ ಹೊಲ ಸವಳಾಯಿತು. ನೆಲದೊಳಗಿನ ಉಪ್ಪೆಲ್ಲ ಮೇಲೆದ್ದು ಸುಣ್ಣ ಬಳಿದ ಹಾಗೆ ಬೆಳ್ಳಗೆ ಕೂತುಬಿಟ್ಟಿತು. ಕಬ್ಬು ಹೋಯಿತು, ಜೋಳ ಹೋಯಿತು, ಕೊನೆಗೆ ಕಳೆ ಕೂಡ ಹುಟ್ಟಲಿಲ್ಲ. ಹೊಲ ಸತ್ತಿತು ಎಂದು ನಾನು ಅತ್ತ ಹೋಗುವುದನ್ನೇ ಬಿಟ್ಟೆ. ಆಗಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಇವಳು ಮಾತ್ರ ಬೆರಳಿಗೆ ಮಣ್ಣು ಹಚ್ಚಿಕೊಂಡು ನೆಕ್ಕಿ ಬಂದಳು.

"ಅಜ್ಜಿ, ಅದು ಸತ್ತಿಲ್ಲ. ಉಪ್ಪ ಜಾಸ್ತಿ ಆಗ್ಯಾದ ಅಷ್ಟೇ."

"ಜಾಸ್ತಿ ಆದ್ರ ಏನ್ ಮಾಡ್ತಿ ಬೇ?"

"ಸಾರಿಗಿ ಉಪ್ಪ ಜಾಸ್ತಿ ಆದ್ರ ನೀ ಏನ್ ಮಾಡ್ತಿ? ನೀರ ಹಾಕ್ತಿ."

"ನೀರ ಹಾಕಿದ್ದಕ್ಕೇ ಹಿಂಗ ಆಗ್ಯಾದ, ಶಾಣ್ಯಾಕಿ."

ಹುಡುಗಿ ಕಟ್ಟೆಯ ಮೇಲೆ ಯೋಚನೆ ಮಾಡುತ್ತ ಕೂತಳು. ಆ ಯೋಚನೆ ಮುಗಿದದ್ದು ಹಾಲೆಂಡಿನಲ್ಲಿ.

ಅಲ್ಲಿಯವರೆಗೆ ಅವಳು ನೆಕ್ಕದ ಮಣ್ಣಿಲ್ಲ. ಒಮ್ಮೆ ಜೇವರ್ಗಿಯಿಂದ ಒಂದು ಸಂಬಂಧ ಬಂತು. ಮನೆ ನೋಡಲು ನಾವೆಲ್ಲ ಹೋದೆವು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಉಪ್ಪಿಟ್ಟು ತಿಂದು ಎಲ್ಲರೂ ನಗುನಗುತ್ತ ಇದ್ದಾಗ ಇವಳು ಅಂಗಳದ ತುಳಸಿ ಕಟ್ಟೆಗೆ ಹೋಗಿ ಬೆರಳು ಬಾಯಿಗಿಟ್ಟಳು. ಹುಡುಗನ ಅವ್ವ, ಕೈ ಮುಗಿಯಲು ಹೋಗಿದ್ದಾಳೆಂದು ಸಂತೋಷಪಟ್ಟುಕೊಂಡಳು. ಇವಳು ಒಳಗೆ ಬಂದು, "ನಿಮ್ಮ ಬೋರಿನ ನೀರ ಸವಳ ಅದರಿ, ಈ ತುಳಸಿ ಯುಗಾದಿ ಕಾಣಂಗಿಲ್ಲ," ಎಂದಳು. ಸಂಬಂಧ ಅಲ್ಲಿಗೇ ಮುರಿಯಿತು. ತುಳಸಿ ಶಿವರಾತ್ರಿಯನ್ನೂ ಕಾಣಲಿಲ್ಲವಂತೆ, ಅದು ಬೇರೆ ಮಾತು.

ಹಾಲೆಂಡ್ ಸಮುದ್ರಕ್ಕಿಂತ ತಗ್ಗಿನಲ್ಲಿದೆಯಂತೆ. ಸಮುದ್ರಕ್ಕೆ ಒಡ್ಡು ಕಟ್ಟಿ, ಆಚೆ ತಳ್ಳಿ, ಉಪ್ಪಿನ ನೆಲದಲ್ಲೇ ಬೆಳೆ ತೆಗೆಯುತ್ತಾರಂತೆ. ಇವಳ ಪಾಲಿಗೆ ಅದೇ ಕಾಶಿ. ಸರ್ಕಾರದ ವಿದ್ಯಾರ್ಥಿವೇತನವೂ ಸಿಕ್ಕಿತು. ಆದರೆ ಅಷ್ಟರಲ್ಲಿ ಸೋಲಾರ್ ಕಂಪನಿಯವರು ಬಂದು, ಹೇಗೂ ಏನೂ ಬೆಳೆಯದ ಹೊಲ, ಕಬ್ಬಿಣದ ಕಂಬ ನಿಲ್ಲಿಸಲು ಕೊಡಿ ಎಂದು ನನ್ನ ಮಗನ ಬೆನ್ನು ಹತ್ತಿದ್ದರು. ಅಪ್ಪ ಮಗಳಿಗೆ ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು. ಅವಳು ಪಾಸಾಗಿ ಬಂದರೆ ಹೊಲ ಅವಳದು, ಹಾಗೇ ಬಂದರೆ ಕಂಬದವರದು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಕಂಬ ಎನ್ನುತ್ತಿದ್ದೆ.

ಅಲ್ಲಿ ಹೋದವಳಿಗೆ ಮೊದಲು ಪೆಟ್ಟು ಬಿದ್ದದ್ದು ಹೊಟ್ಟೆಗೆ. ನಮ್ಮಲ್ಲಿ ಉಣ್ಣುವಾಗ ಮುಂದೆ ಯಾರು ಹಾದು ಹೋದರೂ "ಬರ್ರಿ, ಊಟ ಮಾಡ್ರಿ" ಎನ್ನಬೇಕು. ಅವರು "ಆಗ್ಯಾದ್ರಿ, ನೀವ್ ಮಾಡ್ರಿ" ಎನ್ನಬೇಕು. ಮೂರು ದಿನ ಉಪವಾಸ ಇದ್ದವನೂ ಆಗ್ಯಾದ್ರಿ ಎಂದೇ ಅನ್ನುತ್ತಾನೆ. ಈ ಪದ್ಧತಿ ಇಲ್ಲದಿದ್ದರೆ ನಮ್ಮ ಕಡೆ ಒಬ್ಬರೂ ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ಇವಳು ಕಾಲೇಜಿನ ಕಟ್ಟೆಯ ಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಬಿಚ್ಚಿಕೊಂಡು ಕೂತು, ಮುಂದೆ ಹೋದ ನೈಜೀರಿಯಾದ ಹುಡುಗನಿಗೆ "ಬಾಪ್ಪಾ, ಊಟ ಮಾಡು" ಎಂದಳು. ಅವನು ಕೂತ. ಉಂಡ. ಮರುದಿನ ಗೆಳೆಯನನ್ನೂ ಕರೆದುಕೊಂಡು ಬಂದ. ಇವಳು ಬಾಡಿಗೆಗಿದ್ದ ಮನೆಯ ಒಡತಿ ಒಬ್ಬ ಡಚ್ ಮುದುಕಿ, ಚಹಾದ ಜೊತೆ ಒಂದೇ ಬಿಸ್ಕೀಟು ಕೊಟ್ಟು ಡಬ್ಬಿಯ ಮುಚ್ಚಳ ಹಾಕುವವಳು. ಅವಳೂ ಇವಳ ತಟ್ಟೆಯ ಮುಂದೆ ಕುರ್ಚಿ ಎಳೆದುಕೊಂಡಳು. ನಾನು ಚಳಿಗಾಲಕ್ಕೆಂದು ಕಟ್ಟಿಕೊಟ್ಟ ರೊಟ್ಟಿ ಗಣಪತಿ ಹಬ್ಬ ಮುಗಿಯುವುದರೊಳಗೆ ಖಾಲಿ.

"ಕರೀಬ್ಯಾಡ ಮತ್ತ," ಎಂದೆ ಫೋನಿನಲ್ಲಿ.

"ಮುಂದ ಹೋಗವ್ರಿಗಿ ಬರ್ರಿ ಅನ್ನದಂಗ ತುತ್ತು ಇಳೀತದೇನಜ್ಜಿ?"

"ಹಂಗಾದ್ರ ಬಾಗಲಾ ಹಾಕ್ಕೊಂಡ್ ಉಣ್ಣು."

"ಬಾಗಲಾ ಹಾಕ್ಕೊಂಡ್ರ ಇನ್ನೂ ಇಳ್ಯಂಗಿಲ್ಲ."



ಎರಡನೆಯ ಪೆಟ್ಟು ಪ್ರೊಫೆಸರನದು. ಅವನು ನನ್ನ ಹಾಗೆ ಮುಖದ ಮೇಲೆ ಹೊಡೆದಂತೆ ಮಾತಾಡುವವನಂತೆ. ಆ ಕಾರಣಕ್ಕೆ ಅವನು ನನಗೆ ಮೊದಲಿಂದಲೂ ಸೇರುತ್ತಾನೆ. ಪಾಠದ ನಡುವೆ ಅವನು ನಾಲ್ಕು ಬಟ್ಟಲು ಮಣ್ಣು ತೋರಿಸಿ, ಯಾವುದರಲ್ಲಿ ಉಪ್ಪು ಹೆಚ್ಚಿದೆ, ಹೇಗೆ ಪತ್ತೆ ಮಾಡುತ್ತೀರಿ ಎಂದು ಕೇಳಿದ. ಉಳಿದವರು ಯಂತ್ರದ ಹೆಸರು ಹೇಳುವಷ್ಟರಲ್ಲಿ ಇವಳು ನಾಲ್ಕನ್ನೂ ನೆಕ್ಕಿ ಮೂರನೆಯದು ಎಂದಳು. ತಪ್ಪು! ಮೂರನೆಯದರಲ್ಲಿದ್ದದ್ದು ರಾಸಾಯನಿಕ ಗೊಬ್ಬರವಂತೆ. ಆಸ್ಪತ್ರೆಗೆ ಒಯ್ದು ಹೊಟ್ಟೆ ತೊಳೆಸಿದರು. ಪ್ರಯೋಗದ ವಿಷಯದಲ್ಲಿ ಇನ್ನೊಮ್ಮೆ ಏನಾದರೂ ಎಡವಟ್ಟು ಮಾಡಿದರೆ ವಾಪಸ್ ಊರಿಗೆ ಕಳಿಸುತ್ತೇನೆ ಎಂದು ಪ್ರೊಫೆಸರು ಹೇಳಿದ. ಇಲ್ಲಿ ನನ್ನ ಮಗ ಕಂಬದವರ ನಂಬರು ಹುಡುಕಿಟ್ಟುಕೊಂಡ.

ಎರಡನೆಯ ವರ್ಷ ಅವಳ ಡಿಗ್ರಿಯೆಲ್ಲ ನಿಂತದ್ದು ಗಾಜಿನ ಮನೆಯೊಳಗಿನ ಒಂದಿಷ್ಟು ಟ್ರೇಗಳ ಮೇಲೆ. ಒಂದೊಂದು ಟ್ರೇಗೆ ಒಂದೊಂದು ಹದದ ಉಪ್ಪು ಬೆರೆಸಿ ನಮ್ಮ ಕುಸುಬಿ ಬಿತ್ತಿದ್ದಳು. ಯಾವ ಉಪ್ಪಿನಲ್ಲಿ ಎಷ್ಟು ಬೆಳೆಯುತ್ತದೆ ಎಂದು ಅಳೆದು ತೋರಿಸಬೇಕು. ಉಪ್ಪು ಮಿತಿಮೀರಿದ ಒಂದೆರಡು ಟ್ರೇ ಸತ್ತರೂ ಉಳಿದವುಗಳಲ್ಲಿ ಮೊಳಕೆ ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು.

ಎಳ್ಳಮಾವಾಸ್ಯೆಗೆ ನಾವು ಹೊಲಕ್ಕೆ ಬುತ್ತಿ ಒಯ್ಯುತ್ತೇವೆ. ಸೊಪ್ಪು ಕಾಳಿನ ಭಜ್ಜಿ, ಸಜ್ಜಿ ಕಡಬು ಕಲಸಿ, ಕೂಗುತ್ತ ಹೊಲದ ತುಂಬ ಚೆಲ್ಲುತ್ತೇವೆ. ಚರಗ ಚೆಲ್ಲುವುದು ಎನ್ನುತ್ತಾರೆ. ಹೊಲ ಆಗ ಬಸುರಿ ಇದ್ದ ಹಾಗೆ, ಅದಕ್ಕೆ ಬಯಕೆಯ ಊಟ. ಅವತ್ತು ಬೆಳಿಗ್ಗೆ ಫೋನು ಬಂತು.

"ಅಜ್ಜಿ, ಹಳ್ಳದ ಹೊಲಕ್ಕ ಚರಗ ಚೆಲ್ಲಿದ್ರ್ಯಾ?"

"ಸತ್ತಿದ್ದಕ್ಕ ಯಾರ್ ಬಯಕಿ ಉಣಸ್ತಾರ ಬೇ? ಮ್ಯಾಲಿನ ಹೊಲಕ್ಕಷ್ಟೇ."

ಅವಳು ಫೋನು ಇಟ್ಟುಬಿಟ್ಟಳು. ಇಟ್ಟು ಮಾಡಿದ್ದೇನು? ಸಿಕ್ಕ ಸೊಪ್ಪು, ಸಿಕ್ಕ ಕಾಳು ಬೇಯಿಸಿ ಭಜ್ಜಿ ಮಾಡಿದಳು. ನೈಜೀರಿಯಾದ ಹುಡುಗನ ತಲೆಯ ಮೇಲೆ ಬುತ್ತಿ, ಡಚ್ ಮುದುಕಿಯ ಕೈಯಲ್ಲಿ ನೀರಿನ ತಂಬಿಗೆ. ಮೂವರೂ ಗಾಜಿನ ಮನೆಗೆ ಹೋಗಿ ಟ್ರೇಗಳ ಸುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲಿದರು. ಮುದುಕಿಯ ಕೂಗೇ ಎಲ್ಲಕ್ಕಿಂತ ಜೋರಾಗಿತ್ತಂತೆ.

ಅಲ್ಲಿಯ ಭೂತಾಯಿ ಉಂಡಳೋ ಇಲ್ಲವೋ ಗೊತ್ತಿಲ್ಲ. ಬಸವನಹುಳಗಳಂತೂ ಸಹಕುಟುಂಬ ಬಂದವು. ಭಜ್ಜಿ ತಿಂದವು, ಬಾಯಿ ರುಚಿ ಹತ್ತಿತು, ಕುಸುಬಿಯನ್ನೂ ತಿಂದವು. ಉಳಿದದ್ದಕ್ಕೆ ಬೂಸು ಹಿಡಿಯಿತು.

ಪ್ರೊಫೆಸರು ಇನ್ನಿಬ್ಬರನ್ನು ಜೊತೆಗೆ ಕೂರಿಸಿಕೊಂಡು ವಿಚಾರಣೆಗೆ ಕರೆದ. ಇವಳು ಹಿಂದಿನ ದಿನವೇ ಪೆಟ್ಟಿಗೆ ಕಟ್ಟಿಟ್ಟು ಹೋಗಿದ್ದಳು. ಅಲ್ಲಿ ನಡೆದದ್ದನ್ನು ಆಮೇಲೆ ನನಗೆ ನಮ್ಮ ಮಾತಿನಲ್ಲೇ ಹೇಳಿದಳು.

"ಯಾಕ್ ಮಾಡ್ದಿ?"

"ಬಸರಿ ಇದ್ದಾಳಂತ ಉಣ್ಣಾಕ ಹಾಕ್ದೆರಿ."

"ಯಾವ ಟ್ರೇಕ್ಕ ಹಾಕ್ದಿ?"

"ಎಲ್ಲಾಕ್ಕೂ ಹಾಕೇನ್ರಿ."

"ಎಲ್ಲಾಕ್ಕೂ ಒಂದೇ ಸಮ?"

"ಹೌದ್ರಿ. ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಪಂಕ್ತಿಭೇದ ಆಗಂಗಿಲ್ಲೇನ್ರಿ? ಉಪ್ಪಿಂದ ಸತ್ತಿದ್ದವಲ್ಲ, ಅವಕ್ಕ ಇನ್ನೊಂದ ತುತ್ತು ಜಾಸ್ತಿ ಹಾಕಬೇಕಂತ ಮಾಡಿದ್ದೆ. ಆದ್ರ ಹಾಕ್ಲಿಲ್ಲ."

ಪ್ರೊಫೆಸರು ಬಹಳ ಹೊತ್ತು ಕನ್ನಡಕ ಒರೆಸಿದ. ಎಲ್ಲಕ್ಕೂ ಸಮನಾಗಿ ಬಡಿಸಿದ್ದರಿಂದ ಇದನ್ನು ಮೋಸ ಎನ್ನಲು ಬರುವುದಿಲ್ಲ, ಮೂರ್ಖತನ ಎನ್ನಬಹುದು ಎಂದ. ಮೂರ್ಖತನಕ್ಕೆ ಅವರಲ್ಲಿ ಹೊರಗೆ ಹಾಕುವ ಕಾನೂನಿಲ್ಲವಂತೆ. ಎಲ್ಲ ಕಿತ್ತು ಮತ್ತೆ ಬಿತ್ತು, ರಜೆಗೆ ಊರಿಗೆ ಹೋಗುವಂತಿಲ್ಲ, ಮುಂದಿನ ಊಟವನ್ನು ಗಾಜಿನ ಮನೆಯ ಹೊರಗೆ ಮಾಡು ಎಂದು ಬಿಟ್ಟುಬಿಟ್ಟ. ಆ ಚಳಿಯಲ್ಲಿ ಇವಳು ಕೈಯಿಂದ ಒಂದೊಂದೇ ಬಸವನಹುಳ ಆರಿಸಿ ಬಕೀಟಿಗೆ ಹಾಕುತ್ತ ಕುಸುಬಿ ಕಾಯ್ದಳು.

ಒಂದು ದಿನ ಅವಳು ಹೊರಗಿನ ಕಟ್ಟೆಯ ಮೇಲೆ ಉಣ್ಣುವಾಗ ಪ್ರೊಫೆಸರು ಮುಂದೆ ಹಾದ. ಬರ್ರಿ ಎಂದಳು. ನೈಜೀರಿಯಾದ ಹುಡುಗ ಮೊದಲೇ ಕಲಿಸಿಟ್ಟಿದ್ದನಂತೆ, ಪ್ರೊಫೆಸರು "ಆಗ್ಯಾದ್ರಿ" ಎಂದ. ಎಂದು, ಕೂತು, ಉಂಡ.

ಅಂತೂ ಪಾಸಾಗಿ ಬಂದಳು. ಬಂದವಳೇ ಅಪ್ಪನಿಂದ ಹಳ್ಳದ ಹೊಲ ಕಸಿದುಕೊಂಡು, ನಡುವೆ ಕಾಲುವೆ ತೋಡಿಸಿ, ಉಪ್ಪು ತೊಳೆದು ಹೋಗಲು ದಾರಿ ಮಾಡಿದಳು. ಜೇವರ್ಗಿಯ ಬೀಗರಾಗಬೇಕಿದ್ದವರು ಕೂಡ ಬಂದು ನೋಡಿ ನಕ್ಕು ಹೋದರು. ಈ ವರ್ಷ ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿ, "ಅಜ್ಜಿ, ನಡಿ" ಎಂದಳು. ನಾನು ಮೇಲಿನ ಹೊಲಕ್ಕೆ ಎಂದುಕೊಂಡು ಗಾಡಿ ಹತ್ತಿದೆ. ಇಳಿಸಿದ್ದು ಹಳ್ಳದ ಹೊಲದಲ್ಲಿ.

ಕಾಲುವೆಯ ಅಂಚಿಗೆ ಒಂದು ಪಟ್ಟಿ ಕುಸುಬಿ ಎದ್ದಿತ್ತು. ದೊಡ್ಡದೇನಲ್ಲ, ಒಂದು ಸೀರೆ ಹಾಸಿದಷ್ಟು ಅಗಲ. ಆಚೆ ಮೂಲೆ ಮೊದಲಿನ ಹಾಗೇ ಬೆಳ್ಳಗೆ ಬಿದ್ದಿತ್ತು. ಅವಳು ಕೂಗುತ್ತ ಹಸಿರಿನ ಸುತ್ತ ಚರಗ ಚೆಲ್ಲಿ ಬಂದು, ಬರಿದಾಗುತ್ತ ಬಂದ ಬುಟ್ಟಿ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತಳು. ಹಾಲೆಂಡಿನವರು ಕೊಟ್ಟ ಡಿಗ್ರಿ ಸಾಲದೆ ನನ್ನ ಬಾಯಿಂದಲೂ ಒಂದು ಬೇಕಾಗಿತ್ತು ಅವಳಿಗೆ. ನಾನು ಬಗ್ಗಿದೆ. ಮಣ್ಣಿಗೆ ಬೆರಳಿಟ್ಟು ನಾಲಿಗೆಗೆ ಹಚ್ಚಿಕೊಂಡೆ.

"ಇನ್ನೂ ಉಪ್ಪದ," ಎಂದೆ.

"ಹ್ಞೂಂ ಅಜ್ಜಿ."

"ಆ ಬಿಳೀ ಮೂಲಿಗಿ ಯಾಕ್ ಚೆಲ್ಲಿಲ್ಲ?"

"ಅಲ್ಲಿ ಏನೂ ಹುಟ್ಟಿಲ್ಲಲ್ಲಜ್ಜಿ."

ನಾನು ಅವಳ ಕೈಯಿಂದ ಬುಟ್ಟಿ ಕಸಿದುಕೊಂಡೆ.

"ಪಂಕ್ತಿಭೇದ ಮಾಡಬ್ಯಾಡ," ಎಂದು ಆ ಮೂಲೆಗೆ ನಡೆದೆ.