ಕಾಕಾನ ಮೂರು ಬೇಸಿಗೆಗಳು

ಒಂದು ಬೇಸಿಗೆಗೇ ಎಲ್ಲರೂ ಬೆಂದು ಬಸವಳಿಯುವ ಹಾವೇರಿಯಲ್ಲಿ ನಮ್ಮ ಕಾಕಾನಿಗೆ ಮಾತ್ರ ವರ್ಷಕ್ಕೆ ಮೂರು ಬೇಸಿಗೆ! ನಂಬುವುದಿಲ್ಲವೇ? ಹಾಗಾದರೆ ಕೇಳಿ.

ಕಾಕಾ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಮೆಣಸಿನಕಾಯಿ ನೋಡಿ ಗುಣ ಹೇಳಿದವನು. ಒಣಗಿದ್ದೇನಿದ್ದರೂ ಆತನಿಗೆ ಗೊತ್ತು, ಹಸಿರು ಮಾತ್ರ ಗೊತ್ತಿಲ್ಲ. ಹಿತ್ತಲ ಕೈತೋಟವೆಲ್ಲ ಆತನ ಹೆಂಡತಿ, ನಮ್ಮ ಕಾಕುವಿನದು. ಸಂಕ್ರಾಂತಿಯ ಮರುದಿನ ಆಕೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು. ಹಾಸಿಗೆಯಿಂದಲೇ ಗಂಡನಿಗೆ ಒಂದು ಮಾತು ಹೇಳಿದಳು: "ಏನರ ಮಾಡ್ರಿ, ನನ್ನ ಗಿಡಾ ಬ್ಯಾಸಗಿ ದಾಟಸ್ರಿ."

ಅಷ್ಟೇ ಸಾಕಾಯಿತು. ಕಾಕಾ ಮೊಬೈಲಿನಲ್ಲಿ 'ಬೇಸಿಗೆಯ ತೋಟದ ಕೆಲಸ' ಎಂದು ಹುಡುಕಿದ. ಸಿಕ್ಕ ವಿಡಿಯೋದಲ್ಲಿ ಭೂಮಿಯ ಕೆಳಭಾಗದ ಯಾವುದೋ ದೇಶದವನು ಫೆಬ್ರುವರಿಗೇ ಬೇಸಿಗೆ ಮುಗಿಸಿ ಚಳಿಗಾಲದ ಕ್ಯಾಬೇಜು ಸಸಿ ಹಚ್ಚುತ್ತಿದ್ದ. ಕಾಕಾನೂ ಹಚ್ಚಿದ; ಅದು ಆತನ ಮೊದಲನೆಯ ಬೇಸಿಗೆ. ಏಪ್ರಿಲ್‌ನಲ್ಲಿ ನಮ್ಮೂರ ಅಸಲಿ ಬಿಸಿಲು ಬಂದು ಅವನ್ನು ನಿಂತಲ್ಲೇ ಹಪ್ಪಳ ಮಾಡಿತು.

ಆ ಎರಡನೆಯ ಬೇಸಿಗೆಯನ್ನು ಉಳಿದ ಗಿಡಗಳು ಹೇಗೋ ದಾಟಿದವು. ಮೂರನೆಯದು ಬಂದದ್ದು ಶ್ರಾವಣದಲ್ಲಿ! ಮೊಬೈಲಿನಲ್ಲಿ ಭೂಮಿಯ ಮೇಲ್ಭಾಗದ ತಂಪು ದೇಶದವಳೊಬ್ಬಳು ಆಗಸ್ಟಿನ ಬಿಸಿಲಿಗೆ ಬೇರಿನ ತನಕ ನೀರುಣಿಸಿ ಅಂದಳಂತೆ. ಜಿಟಿಜಿಟಿ ಮಳೆಯಲ್ಲಿ ಕಾಕಾನ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಪೈಪು.

ಪಕ್ಕದ ಮನೆಯ ಮಾಸ್ತರರು ಗೋಡೆಯ ಮೇಲಿಂದ ಇಣುಕಿದರು. "ಯಾಕ್ರಿ, ಮಳಿ ಸಾಲವಲ್ದೇನು?"

"ಮಳಿ ಎಲಿಗೆ ಬೀಳತೈತ್ರಿ. ಬೇರಿಗೆ ಯಾರ ಹಾಕತಾರ?"

ಮಾಸ್ತರರು ತಲೆ ಒಳಗೆಳೆದುಕೊಂಡರು.

ಮುಂದಿನ ತಿಂಗಳು ಹಿಮ ಬೀಳುವ ಮುನ್ನ ಗಿಡಗಳಿಗೆ ಹೊದಿಸಿ ಎಂದು ಅವಳದೇ ಅಪ್ಪಣೆ ಬಂತು. ಹಾವೇರಿಯಲ್ಲಿ ಹಿಮ! ಕಾಕಾ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ಖಾಲಿ ಚೀಲಗಳನ್ನು ತಂದು, ಮಳೆ ಬಿಟ್ಟ ಹೊತ್ತು ನೋಡಿ, ಓಣಿಯಲ್ಲಿ ನಿಂತು ಒಂದೊಂದಾಗಿ ಝಾಡಿಸಿದ. ಮೊದಲು ಮಾಸ್ತರರು ಸೀನಿದರು, ಆಮೇಲೆ ಹಾಲಿನವನು, ಆಮೇಲೆ ಹಾಲಿನವನ ಎಮ್ಮೆ. ಸಂಜೆಯ ತನಕ ಓಣಿಯಲ್ಲಿ ಯಾರೂ ಯಾರ ಜೊತೆಗೂ ಒಂದು ಪೂರ್ತಿ ವಾಕ್ಯ ಆಡಲಿಲ್ಲ.

ನಗುತ್ತಿದ್ದೆವು ನಿಜ, ಆದರೆ ಒಳಗೆ ಕಾಕುವಿನ ಚಿಂತೆಯಿತ್ತು. "ಎಲುಬು ಕೂಡೇತ್ರಿ, ಇನ್ನ ಅಂಜಿಕಿ ಬಿಡ್ರಿ," ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು. ಆಕೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವಳೇ ಹೊರತು ಹಿತ್ತಲ ಹೊಸ್ತಿಲು ದಾಟಲೊಲ್ಲಳು. ಕಾಕಾ ಕೈಮುಗಿದ, ನಾನೂ ಕೈಮುಗಿದೆ. "ಮತ್ತ ಬಿದ್ದರ?" ಅನ್ನುವಳು. ಈಕೆ ಇನ್ನು ನಡೆಯಲಿಕ್ಕಿಲ್ಲ ಎಂದು ನನಗೆ ಖರೇನೇ ಹೆದರಿಕೆಯಾಗಿತ್ತು.

ಹೀಗಿರುವಾಗ ತಂಪು ದೇಶದವಳು ಹೂ ಮುಗಿದ ಬಳ್ಳಿಯನ್ನು ಬುಡದ ತನಕ ಕತ್ತರಿಸಲು ಹೇಳಿದಳು. ಹಿತ್ತಲಲ್ಲಿದ್ದ ಬಳ್ಳಿ ಒಂದೇ, ಕಾಕು ಕಾಗಿನೆಲೆಯ ತವರಿನಿಂದ ತಂದು ಹಚ್ಚಿದ ಮಲ್ಲಿಗೆ.

"ಬ್ಯಾಡ ಕಾಕಾ, ಅದು ಕಾಕೂನ ಜೀವ," ಅಂದೆ.

"ಕತ್ತರಿಸಿದರ ಚಿಗೀತೈತಂತ," ಎಂದು ಕತ್ತರಿ ಹಾಕಿಯೇಬಿಟ್ಟ.

ಒಳಗಿನಿಂದ ದನಿ ಬಂತು. "ಯಾರದು, ನನ್ನ ಮಲ್ಲಿಗಿ ಕತ್ತರಸಾಕತ್ತವರು? ಮೆಣಸಿನಕಾಯಿ ತೊಟ್ಟ ಅಂತ ತಿಳದೀರೇನು? ನಿಮ್ಮ ಕೈಗೆ ಕತ್ತರಿ ಕೊಟ್ಟವರು ಯಾರ?" ಬೈಗುಳ ಬರಬರುತ್ತ ಹತ್ತಿರವಾಯಿತು. ತಿರುಗಿ ನೋಡಿದರೆ ಕಾಕು ಹೊಸ್ತಿಲು ದಾಟಿ ಹಿತ್ತಲ ಕಲ್ಲಿನ ಮೇಲೆ ನಿಂತಿದ್ದಳು. ಗೋಡೆ ಹಿಡಿದಿರಲಿಲ್ಲ, ಕೋಲೂ ಇರಲಿಲ್ಲ. ಸಿಟ್ಟಿನಲ್ಲಿ ಆಕೆಗೇ ಅದು ತಿಳಿದಿರಲಿಲ್ಲ.

ನಾನು ಹಿಡಿಯಲು ಓಡಿದೆ. ಕಾಕಾ ನನ್ನ ರಟ್ಟೆ ಹಿಡಿದು ನಿಲ್ಲಿಸಿದ. ಕತ್ತರಿ ಕೆಳಗೆ ಹಾಕಿ, ಎರಡೂ ತೋಳು ಚಾಚಿ, ಅಳುತ್ತಲೇ ಅಂದ:

"ಬೈಯಿ. ಇನ್ನೊಂದು ಹೆಜ್ಜಿ ಮುಂದ ಬಂದು ಬೈಯಿ."