ಕನ್ಫ್ಯೂಸ್ ಆಗುವ ಸುಖ

ಜೀವನದಲ್ಲಿ ಒಮ್ಮೆಯೂ ಕನ್ಫ್ಯೂಸ್ ಆಗದವರು ನಿಮ್ಮಲ್ಲಿ ಯಾರಿದ್ದೀರಿ, ಕೈ ಎತ್ತಿ ನೋಡೋಣ? ಎತ್ತಿದಿರಾ? ನಾನು ಮೊಬೈಲಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತವಳು. ಒಂದೊಂದೇ ಅಕ್ಷರ ಹುಡುಕಿ ಇದನ್ನು ಮುಗಿಸುವಷ್ಟರಲ್ಲಿ ನಿಮ್ಮ ಕೈ ನೋಯಬಹುದು; ಇಳಿಸಿಬಿಡಿ.

ಮೊದಲು ನಮ್ಮಲ್ಲಿ ಇದಕ್ಕೆ ಬೇರೆ ಬೇರೆ ಮಾತುಗಳಿದ್ದವು. ಮದುವೆಮನೆಯಲ್ಲಿ ಗಲಿಬಿಲಿ, ಹೊಸ ಸೊಸೆಗೆ ತಬ್ಬಿಬ್ಬು, ಮನಸ್ಸಿಗೆ ಗೊಂದಲ. ಈ ಇಂಗ್ಲಿಷ್ ಮಾತು ಬಂದು ಎಲ್ಲವನ್ನೂ ನುಂಗಿ ಕುಳಿತಿದೆ. ಅದರ ದೊಡ್ಡ ಗುಣವೆಂದರೆ ಅದರಲ್ಲಿ ಅಪರಾಧಿಯೇ ಇರುವುದಿಲ್ಲ. ‘ತಪ್ಪು ಮಾಡಿದೆ’ ಎಂದರೆ ಬೈಗುಳ. ‘ಕನ್ಫ್ಯೂಸ್ ಆಯಿತು’ ಎಂದರೆ ಕನಿಕರ. ಮಗ ಸಂತೆಯಿಂದ ಬದನೆಯ ಬದಲು ಹೀರೆ ತಂದರೂ ಕನ್ಫ್ಯೂಸ್, ಸೊಸೆ ಶೈಲಾ ಸಾರಿಗೆ ಮತ್ತೆ ಉಪ್ಪು ಸುರಿದರೂ ಕನ್ಫ್ಯೂಸ್. ನಾನೂ ಕಲಿತೆ. ಸಕ್ಕರೆ ಕಾಯಿಲೆಯ ನಾನು ಬೆಲ್ಲದ ಡಬ್ಬಿಯಲ್ಲಿ ಕೈಯಿಟ್ಟು ಸಿಕ್ಕಿಬಿದ್ದಾಗಲೆಲ್ಲ, ‘ಪುಟಾಣಿ ಡಬ್ಬಿ ಅಂತ ಕನ್ಫ್ಯೂಸ್ ಆತವ್ವ’ ಎಂದು ಹುರಿಗಡಲೆಯ ನೆಪ ಹೇಳುತ್ತಿದ್ದೆ. ಪಾಪ, ಅತ್ತೆಗೆ ವಯಸ್ಸಾಯಿತು ಎಂದು ಆಕೆ ಸುಮ್ಮನೆ ಡಬ್ಬಿ ಮುಚ್ಚುತ್ತಿದ್ದಳು.

ಒಂದು ಸಂಗತಿ ಮಾತ್ರ ನನಗೆ ಹೊಳೆದಿರಲಿಲ್ಲ. ಹರೆಯದವರಿಗೆ ಕನ್ಫ್ಯೂಸ್ ಬಂದು ಹೋಗುವ ನೆಂಟ. ಮುದುಕರ ತಲೆಯಲ್ಲಾದರೆ ಅದು ಕಾಯಂ ಬಾಡಿಗೆಗೆ ಇಳಿದಿದೆ ಎಂದೇ ಜನ ತಿಳಿಯುತ್ತಾರೆ.

ಮೊನ್ನೆ ಹೂಲಿಯಲ್ಲಿರುವ ನನ್ನ ತಂಗಿ ಕಾಲು ಉಳುಕಿಸಿಕೊಂಡಳು. ಅವಳನ್ನು ನೋಡಿಬರಲು ಬೈಲಹೊಂಗಲದ ನಮ್ಮ ಮನೆಯಿಂದ ಒಬ್ಬಳೇ ಹೊರಟು ನಿಂತೆ. ಶೈಲಾ ಬಾಗಿಲಿಗೆ ಅಡ್ಡ ಬಂದಳು.

‘ಬ್ಯಾಡ್ರಿ ಅತ್ತಿ. ಕನ್ಫ್ಯೂಸ್ ಆಗಿ ರಾಮದುರ್ಗದ ಬಸ್ ಹತ್ತಿಬಿಡ್ತೀರಿ. ಐತವಾರ ರಜಾ ಐತಿ, ಇವರೇ ನಿಮ್ಮನ್ನ ಕರಕೊಂಡ ಹೋಗ್ತಾರ.’

ನನಗೆ ನಗು ಬರಲಿಲ್ಲ. ಇವತ್ತು ಬಸ್ಸು ಬೇಡವೆಂದವರು ನಾಳೆ ಬೀದಿಯೂ ಬೇಡವೆನ್ನುತ್ತಾರೆ.

‘ಕೇಳ ಇಲ್ಲೆ,’ ಎಂದೆ. ‘ಮುನವಳ್ಳಿ ಮ್ಯಾಲೆ ಹಾದು ಹೋಗೋ ಬಸ್ ಹತ್ತಿ ಸವದತ್ತಿ. ನಾಳಿ ಹುಣ್ಣಿವಿ, ದೇವಿ ಗುಡ್ಡಕ್ಕ ಹೋಗೋ ಮಂದಿ ಗದ್ಲ ಇರತೈತಿ. ಅದಕ್ಕ ಇವತ್ತ ಹೊಂಟೇನಿ. ಸವದತ್ತ್ಯಾಗ ಇಳದು ಹೂಲಿ ಬಸ್. ಹಳೀ ಗುಡಿ ಹಿಂದ, ಬೇವಿನ ಗಿಡದ ಮನಿ. ಚೀಲದಾಗ ಮ್ಯಾಲೆ ನನ್ನ ಗುಳಿಗಿ, ಕೆಳಗ ಅಕಿ ಕಾಲಿಗೆ ತಿಕ್ಕೋ ಎಣ್ಣಿ. ಇನ್ನೇನ ಕೇಳ್ತಿ ಕೇಳು.’

ಶೈಲಾ ನನ್ನನ್ನೇ ನೋಡಿದಳು. ಆಮೇಲೆ ಬಾಗಿಲು ಬಿಟ್ಟು ಸರಿದಳು. ಗೆದ್ದೆನೆಂದು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು:

‘ಆರಾಮ ಹೋಗಿ ಬರ್ರಿ ಅತ್ತಿ. ತಲಿ ಇಷ್ಟ ನೆಟ್ಟಗ ಐತಂದ್ರ, ಬೆಲ್ಲದ ಡಬ್ಬಿ ಇವತ್ತಿಂದ ನನ್ನ ಕಪಾಟದಾಗ ಇರತೈತಿ.’