ಕಾರಿನಡಿ ಉರುಳಿದ್ದನ್ನು ಜಮಾ ಮಾಡಿಕೊಳ್ಳುವ ಬಗ್ಗೆ

ಇಂದ,
ಮೂರ್ತಪ್ಪ,
ಸ್ವಯಂ ನಿವೃತ್ತ ಗುಮಾಸ್ತ, ಕಬ್ಬಿಣದ ಕಾರ್ಖಾನೆಯ ಉಗ್ರಾಣ ವಿಭಾಗ,
ಹೊಸಮನೆ, ಭದ್ರಾವತಿ.
(ಸದ್ಯ ಅದೇ ವಿಳಾಸದಲ್ಲಿ, ಚಾಪೆಯ ಮೇಲೆ, ಅಂಗಾತ)

ಗೆ,
ಶ್ರೀ ಹೊಳೆದಂಡೆ ಆಂಜನೇಯ ಸ್ವಾಮಿಯವರು,
ಗರ್ಭಗುಡಿ, ಹೊಳಲೂರು, ಶಿವಮೊಗ್ಗ ತಾಲ್ಲೂಕು.

(ಅರ್ಚಕ ಗಣಪಯ್ಯನವರ ಮುಖಾಂತರ, ಅವರ ಆಕ್ಷೇಪಣೆ ಇದ್ದಾಗ್ಯೂ)

ವಿಷಯ: ಅಂಬಾಸಡರ್ ಕಾರಿನ ತಳದ ತುಕ್ಕು ಕೆರೆಯುವಾಗ ಹಾಗೂ ಹಿಂದಿನ ಸಸ್ಪೆನ್ಷನ್ ಸರಿಪಡಿಸುವಾಗ ಅರ್ಜಿದಾರ ಉರುಳಿದ ಉರುಳಾಟವನ್ನು ಸನ್ನಿಧಿಗೆ ಸಲ್ಲಬೇಕಾದ ಉರುಳುಸೇವೆಯ ಬಾಬ್ತು ಜಮಾ ಮಾಡಿಕೊಳ್ಳುವಂತೆ ಕೋರಿ.

ಉಲ್ಲೇಖ: 1) ಸನ್ನಿಧಿಯಲ್ಲಿ ಅರ್ಜಿದಾರ ಬಾಯಿಮಾತಿನಲ್ಲಿ ಹೊತ್ತ ಹರಕೆ.
2) ಸದರಿ ಹರಕೆಯ ಒಂದು ಅಕ್ಷರದ ಮೇಲೆ ಗಣಪಯ್ಯನವರು ಕೊಟ್ಟ ತೀರ್ಪು.
3) ‘ಜರ್ಕ್ ಆಗಬಾರದು’ ಎಂಬ ಡಾಕ್ಟರ ಆದೇಶ.

ಮಾನ್ಯ ಸ್ವಾಮಿಯವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯದ್ದು ಯಾವುದೂ ಇಲ್ಲ. ಆದರೂ ತಿಳಿದದ್ದನ್ನೇ ಮತ್ತೊಮ್ಮೆ ಬರಹದಲ್ಲಿ ಕೊಡುವುದು ಅರ್ಜಿದಾರ ಬದುಕಿಡೀ ಕೂತ ಕಚೇರಿಯ ಪದ್ಧತಿ. ಅಲ್ಲದೆ ಅರ್ಜಿದಾರನ ಅಜ್ಜಿ ಕಥೆ ಹೇಳುವಾಗ ಯಾರಾದರೊಬ್ಬರು ‘ಹೂಂ’ ಅನ್ನದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತಿತ್ತು. ಕಾರಣ, ಸ್ವಾಮಿಯವರು ಇದನ್ನು ಆಲಿಸುತ್ತಾ ಆಗಾಗ ಹೂಂಗುಟ್ಟಬೇಕೆಂಬುದು ಮೊದಲ ವಿನಂತಿ. ಅಂಗಾತ ಮಲಗಿ ಬರೆಯುತ್ತಿರುವುದರಿಂದ ಪೆನ್ನಿನ ಇಂಕು ಹಿಂದಕ್ಕೆ ಸರಿಯುತ್ತಿದ್ದು, ಅಕ್ಷರ ಅಲ್ಲಲ್ಲಿ ಮಾಸಿದ್ದರೆ ಮನ್ನಿಸುವುದು.

1. ಅರ್ಜಿದಾರನ ಪತ್ನಿ ಪದ್ಮಮ್ಮ ತಮ್ಮ ಊರಿನ ಮಗಳು. ತಮ್ಮ ಗುಡಿಯ ಹಿಂದಿನ ಹೊಳೆಯಲ್ಲೇ ಈಜು ಕಲಿತವಳು. ಆಕೆಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಎಂದು ಗೊತ್ತಾದಾಗ, ಅದರ ಹಿಂದಿನ ದಿನ ಅರ್ಜಿದಾರ ಬಸ್ಸು ಹತ್ತಿ ಬಂದು, ಸನ್ನಿಧಿಯಲ್ಲಿ ಕಣ್ಣೀರು ಸುರಿಸುತ್ತಾ ಕೆಳಕಂಡಂತೆ ನಿವೇದಿಸಿಕೊಂಡನು:

“ಸ್ವಾಮೀ, ಇವಳು ಎದ್ದು ಓಡಾಡಿದ್ರೆ ಸಾಕು. ನಮ್ಮ ಕಾರಲ್ಲೇ ಕರ್ಕೊಂಡು ಬರ್ತೀನಿ. ಬಂದು ನಿಮ್ಮ ಸುತ್ತ ಉರುಳ್ತೀನಿ.”

ತಾವು ನಡೆಸಿಕೊಟ್ಟಿರಿ. ಆಕೆ ಗೋಡೆ ಹಿಡಿದು ಎದ್ದಳು, ಆಮೇಲೆ ಗೋಡೆ ಬಿಟ್ಟು ನಡೆದಳು. ಆದರೆ ಬಗ್ಗಬಾರದು, ಭಾರ ಎತ್ತಬಾರದು, ಜರ್ಕ್ ಆಗಬಾರದು ಎಂದರು ಡಾಕ್ಟರು. ಬಸ್ಸು ಬೇಡ, ಆಟೋ ಅಂತೂ ಹೆಸರೆತ್ತಬೇಡಿ ಎಂದರು. ಆಕೆ ಗೇಟಿನವರೆಗೆ ಬಂದು, ರಸ್ತೆ ನೋಡಿ, ತಿರುಗಿ ಒಳಗೆ ಹೋಗುವಳು. “ಮತ್ತೆ ಮುರಿದುಬಿಟ್ರೆ ಏನ್ರೀ ಗತಿ?” ಎನ್ನುವಳು. ಹೊಳಲೂರಿನ ಹೊಳೆ ನೋಡಬೇಕೆಂಬ ಆಸೆ ಮಾತ್ರ ದಿನಕ್ಕೊಂದು ನೆಪದಲ್ಲಿ ಹೊರಗೆ ಬರುತ್ತಿತ್ತು. ಸಾರಿಗೆ ಹುಳಿ ಜಾಸ್ತಿಯಾದರೂ ಆಕೆಗೆ ಹೊಳಲೂರಿನ ನೀರು ನೆನಪಾಗುತ್ತಿತ್ತು.

2. ಹಾಗಾದರೆ ಸ್ವಂತ ಕಾರು ಇತ್ತಲ್ಲ ಎಂದು ಸ್ವಾಮಿಯವರು ಕೇಳಬಹುದು. ಇತ್ತು. ಮನೆಯ ಪಕ್ಕದಲ್ಲಿ ತಗಡಿನ ಕೆಳಗೆ ಇತ್ತು. ಇದ್ದುದಕ್ಕೂ ಓಡುವುದಕ್ಕೂ ನಡುವಿನ ಅಂತರವನ್ನು ಹರಕೆ ಹೊರುವಾಗ ಅರ್ಜಿದಾರ ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಸದರಿ ಅಂಬಾಸಡರನ್ನು ಅರ್ಜಿದಾರ ಎಷ್ಟೋ ವರ್ಷ ಕಾರಾಗಿ ಬಳಸಿ, ಆನಂತರ ಉಗ್ರಾಣವಾಗಿ ಬಳಸಿದನು. ಉಗ್ರಾಣದ ಗುಮಾಸ್ತನಿಗೆ ಖಾಲಿ ಜಾಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಉಪ್ಪಿನಕಾಯಿಗೆಂದು ತಂದ ಕಲ್ಲುಪ್ಪಿನ ಮೂಟೆಯನ್ನು ಆತನೇ ಡಿಕ್ಕಿಯಲ್ಲಿಟ್ಟು, ಡಿಕ್ಕಿಯ ಮೇಲಿನ ತಗಡು ಸೋರುತ್ತದೆಂಬುದನ್ನು ಮರೆತನು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಕಾರಿಗೂ ಅನ್ವಯಿಸುತ್ತದೆ. ಕಾರು ಉಪ್ಪು ತಿಂದು, ಮಳೆಗಾಲಗಳ ನೀರು ಕುಡಿದು, ಹಿಂಭಾಗದಲ್ಲಿ ಕುಳಿತುಬಿಟ್ಟಿತು. ಮೇಲೆ ನೋಡಿದರೆ ಬಿಳಿ ಬಣ್ಣ, ಗಾಜಿನ ಮೇಲೆ ತಮ್ಮದೇ ಚಿತ್ರ. ಕೆಳಗೆ ಬಗ್ಗಿ ನೋಡಿದವರು ಯಾರೂ ಇರಲಿಲ್ಲ. ಮನುಷ್ಯನನ್ನೂ ತಾವೊಬ್ಬರೇ ಕೆಳಗಿನಿಂದ ನೋಡುವುದರಿಂದ ನಾವೆಲ್ಲ ಹೀಗೆ ಬಿಳಿ ಬಣ್ಣದಲ್ಲಿ ಓಡಾಡುತ್ತಿದ್ದೇವೆ. ಅದಿರಲಿ.

3. ಟ್ಯಾಕ್ಸಿಯಲ್ಲಿ ಕರೆದುಕೊಂಡು ಬಂದರೆ ನಡೆಯುತ್ತದೆಯೇ ಎಂದು ಅರ್ಜಿದಾರ ಅರ್ಚಕ ಗಣಪಯ್ಯನವರಿಗೆ ಫೋನು ಮಾಡಿ ಕೇಳಿದನು. ಹರಕೆ ಹೊತ್ತಾಗ ಪಕ್ಕದಲ್ಲೇ ನಿಂತು ಮಂಗಳಾರತಿ ತಟ್ಟೆ ಒರೆಸುತ್ತಿದ್ದ ಗಣಪಯ್ಯನವರ ಕಿವಿ ಬಹಳ ಸೂಕ್ಷ್ಮ.

“ನೀನು ಏನಂದೆ ಮಾರಾಯ? ಕಾರಲ್ಲಿ ಅಂದ್ಯೋ, ಕಾರಲ್ಲೇ ಅಂದ್ಯೋ?”

“ಕಾರಲ್ಲೇ ಅಂದೆ ಅನ್ಸುತ್ತೆ.”

“ಹಾಂ! ‘ಕಾರಲ್ಲಿ’ ಅಂದಿದ್ರೆ ಯಾವ ಕಾರಾದ್ರೂ ಆಗ್ತಿತ್ತು. ‘ಲ್ಲೇ’ ಅಂದ್ಮೇಲೆ ಅದೇ ಕಾರು. ದೇವರ ಮುಂದೆ ಏತ್ವ ಎಳೆಯೋ ಮುಂಚೆ ಯೋಚ್ನೆ ಮಾಡ್ಬೇಕಪ್ಪ.”

ಒಂದು ಏತ್ವ, ಸ್ವಾಮೀ. ಅಷ್ಟು ಚಿಕ್ಕ ಗೆರೆ. ಅದನ್ನು ಹಿಡಿದುಕೊಂಡೇ ಅರ್ಜಿದಾರ ಕಾರಿನಡಿ ಹೋಗಬೇಕಾಯಿತು. ಇಡೀ ನೌಕರಿಯಲ್ಲಿ ಒಮ್ಮೆಯೂ ಸಸ್ಪೆನ್ಷನ್ ಆಗದೆ ಹೊರಬಂದವನು ನಿವೃತ್ತಿಯ ನಂತರ ಸಸ್ಪೆನ್ಷನ್‌ನ ಕೆಳಗೆ ಬಿದ್ದನು.

4. ಕಾರಿನ ಹಿಂಭಾಗವನ್ನು ಜಾಕ್‌ನಿಂದ ಎತ್ತಿ, ರೈಲ್ವೆ ಸ್ಲೀಪರ್ ಮರದ ತುಂಡುಗಳನ್ನು ಅಡಿಗಿಟ್ಟು, ಅರ್ಜಿದಾರ ಗೋಣಿಚೀಲದ ಮೇಲೆ ಮಲಗಿ ಒಳಗೆ ಸರಿದನು. ತುಕ್ಕನ್ನು ಪರೀಕ್ಷಿಸಲು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಚುಚ್ಚಿದಾಗ ಅದು ಹಪ್ಪಳ ತೂರಿದ ಹಾಗೆ ತೂರಿ ಹಿಂದಿನ ಸೀಟಿನ ಕೆಳಗೆ ಹೊರಬಂದಿತು. ವೈರ್ ಬ್ರಷ್ಷಿನಿಂದ ಉಜ್ಜಿದಷ್ಟೂ ಕಾರು ಕಡಿಮೆಯಾಗುತ್ತಾ ಬಂದು ಅರ್ಜಿದಾರನ ಕಣ್ಣು, ಮೂಗು, ಬಾಯಿಗಳಲ್ಲಿ ಜಾಸ್ತಿಯಾಗುತ್ತಾ ಹೋಯಿತು. ಅಂಗಾತ ಸಾಕಾದಾಗ ಬಲಕ್ಕೆ ಉರುಳುವುದು, ಬಲಕ್ಕೆ ಸಾಕಾದಾಗ ಬೋರಲಾಗುವುದು, ಸ್ಪ್ಯಾನರು ಉರುಳಿಹೋದ ಕಡೆಗೆ ತಾನೂ ಉರುಳುವುದು. ಈ ಉರುಳಾಟವನ್ನೇ ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಪದ್ಮಮ್ಮ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು, ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕೂತು ಮೇಲ್ವಿಚಾರಣೆ ನಡೆಸಿದಳು.

“ಮೂವತ್ತು ವರ್ಷ ಕಬ್ಬಿಣದ ಕಾರ್ಖಾನೆ ಅನ್ನ ತಿಂದ್ರಿ. ಈಗ ಕಬ್ಬಿಣಾನೇ ತಿಂತಿದೀರಲ್ರೀ!”

ಕಾರ್ಖಾನೆಯಲ್ಲಿ ಅರ್ಜಿದಾರ ಮುಟ್ಟಿದ್ದ ಕಬ್ಬಿಣವೆಂದರೆ ಗುಂಡುಸೂಜಿ ಮಾತ್ರ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲಾಗಿದೆ.

5. ಪಕ್ಕದ ಮನೆಯ ಉಜ್ಜನಪ್ಪ ಲಾರಿ ಓಡಿಸಿ ನಿವೃತ್ತನಾದವನು. ಸಲಹೆ ಕೊಡುವುದರಿಂದ ಇನ್ನೂ ನಿವೃತ್ತನಾಗಿಲ್ಲ. “ತುಕ್ಕಿಗೆ ಅಡಿಕೆ ಬೇಯ್ಸಿದ ಚೊಗರು ಬಳಿ ಮಾರಾಯ, ಕಪ್ಪಗೆ ಗಟ್ಟಿ ಆಗುತ್ತೆ” ಎಂದು ಹೊಳೆಹೊನ್ನೂರಿನಿಂದ ಒಂದು ಕ್ಯಾನು ಕೆಂಪು ಚೊಗರನ್ನು ತಂದುಕೊಟ್ಟನು. ಚೊಗರು ತುಕ್ಕನ್ನು ಕಪ್ಪು ಮಾಡಿದ್ದು ನಿಜ. ಮೊದಲು ಅರ್ಜಿದಾರನ ಮುಖವನ್ನು ಕೆಂಪು ಮಾಡಿದ್ದೂ ನಿಜ. ಮನಿಯಾರ್ಡರು ತಂದ ಪೋಸ್ಟ್‌ಮ್ಯಾನ್ ಕಾರಿನಡಿಯಿಂದ ಹೊರಬಂದ ತಲೆ ಕಂಡು ಸೈಕಲ್ ಬಿಟ್ಟು ಓಡಿದನು.

ತೂತುಗಳಿಗೆ ತಗಡು ಬೆಸೆಯಲು ಉಜ್ಜನಪ್ಪ ಬಾಡಿಗೆಗೆ ತಂದ ವೆಲ್ಡಿಂಗ್ ಸೆಟ್ಟು ಹಚ್ಚಿದಾಗಲೆಲ್ಲ ಇಡೀ ಬೀದಿಯ ಟೀವಿಗಳು ಕಣ್ಣು ಮಿಟುಕಿಸಿದವು. ಧಾರಾವಾಹಿಯಲ್ಲಿ ಸೊಸೆಗೆ ಅತ್ತೆ ಏನೆಂದಳೆಂಬುದು ಬೀದಿಯ ಹೆಂಗಸರಿಗೆ ಇವತ್ತಿಗೂ ತಿಳಿದಿಲ್ಲ. ಆ ಶಾಪವೂ ಅರ್ಜಿದಾರನ ಲೆಕ್ಕದಲ್ಲಿದೆ.

6. ಇನ್ನು ಹಿಂದಿನ ಪಟ್ಟೆಗಳ ವಿಚಾರ. ಕಾರಿನ ಹಿಂಭಾಗವನ್ನು ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಎಲೆಗಳೇ ಪಟ್ಟೆಗಳು. ಅವನ್ನು ಬಿಚ್ಚಿ, ಉಜ್ಜಿ, ನಡುನಡುವೆ ಗ್ರೀಸು ಸವರಿ ಜೋಡಿಸಬೇಕು. ಉಜ್ಜನಪ್ಪ ಬಿಡಲಿಲ್ಲ. “ಎಡಕ್ಕೆ ಒಂದು, ಬಲಕ್ಕೆ ಒಂದು ಪಟ್ಟೆ ಜಾಸ್ತಿ ಬಿಗಿ. ಹತ್ತು ಟನ್ ಹಾಕಿದ್ರೂ ಕೂರಲ್ಲ.” ಹತ್ತು ಟನ್ ಹಾಕುವ ಉದ್ದೇಶ ಇಲ್ಲದಿದ್ದರೂ ಅರ್ಜಿದಾರ ಒಪ್ಪಿದನು. ಕಾರು ಹಿಂಗಾಲು ಝಾಡಿಸಲು ಹೊರಟ ಹೋರಿಯಂತೆ ಹಿಂದೆ ಎತ್ತಿಕೊಂಡು ನಿಂತಿತು.

ಆಗ ಪದ್ಮಮ್ಮ ತನ್ನ ಪರೀಕ್ಷೆ ಹೊರಗೆ ತೆಗೆದಳು. ಹಿತ್ತಾಳೆ ತಂಬಿಗೆಯಲ್ಲಿ ಕಂಠದವರೆಗೆ ನೀರು ತುಂಬಿಸಿ ಹಿಂದಿನ ಸೀಟಿನ ಮೇಲೆ ಇಡಿಸಿದಳು. “ಒಂದು ಸುತ್ತು ಹೋಗ್ಬನ್ನಿ. ಚೆಲ್ಲದಿದ್ರೆ ನಾನು ಕೂರ್ತೀನಿ.” ಬೀದಿಯ ಮೊದಲ ಹಂಪಿನಲ್ಲೇ ತಂಬಿಗೆ ಎದ್ದು ಮುಂದಿನ ಸೀಟಿಗೆ ಬಂದಿತು.

“ಅದು ನೀರಲ್ಲ ಕಣ್ರೀ, ನನ್ನ ಬೆನ್ನು” ಎಂದಳು ಪದ್ಮಮ್ಮ. ನಗುತ್ತಲೇ ಹೇಳಿದಳು, ಆದರೆ ಆ ದಿನ ಗೇಟಿನವರೆಗೂ ಬರಲಿಲ್ಲ.

7. ಹೆಚ್ಚಿನ ಪಟ್ಟೆಗಳನ್ನು ತೆಗೆದರೂ ಕಾರು ಮೆತ್ತಗಾಗಲಿಲ್ಲ. ಪಟ್ಟೆಯ ತುದಿಗಳ ಬೋಲ್ಟಿಗೆ ತೊಡಿಸುವ ರಬ್ಬರು ಬುಷ್ಷುಗಳು ಹೊಸವು, ಗ್ರೀಸು ಹೊಸದು, ಆದರೂ ತಂಬಿಗೆ ಅರ್ಧವಾಗಿ ಹಿಂದಿರುಗುವುದು. ಅರ್ಜಿದಾರ ಕಾರಿನಡಿಯಲ್ಲೇ ಮಲಗಿ ರಾಮನಾಮ ಹೇಳಿದನು. ಜಗಲಿಯಲ್ಲಿ ಪದ್ಮಮ್ಮ ತನ್ನ ಬೆಲ್ಟಿನೊಂದಿಗೆ ಜಗಳವಾಡುತ್ತಿದ್ದಳು.

“ಇದನ್ನ ಮಲಗಿದ್ದಾಗ ಬಿಗಿ ಮಾಡ್ಕೊಂಡ್ರೆ ಕೂತಾಗ ಹಿಡ್ಕೊಂಡು ಪ್ರಾಣ ಹೋಗುತ್ತೆ. ಕೂತ್ಮೇಲೇ ಬಿಗೀಬೇಕು, ಹಾಳಾದ್ದು.”

ಸ್ವಾಮಿಯವರು ಇಲ್ಲಿ ಅವಶ್ಯವಾಗಿ ಹೂಂ ಅನ್ನಬೇಕು. ಏಕೆಂದರೆ ಅದು ತಾವೇ ಆಡಿಸಿದ ಮಾತೆಂದು ಅರ್ಜಿದಾರನ ನಂಬಿಕೆ. ಆತ ಪಟ್ಟೆಗಳ ಬೋಲ್ಟುಗಳನ್ನು ಬಿಗಿದದ್ದು ಕಾರು ಮೇಲಕ್ಕೆತ್ತಿ, ಚಕ್ರಗಳು ತೂಗಾಡುತ್ತಿದ್ದಾಗ. ಕಾರು ಕೂತಾಗ ರಬ್ಬರು ತಿರುಚಿಕೊಂಡು ಹಿಡಿಯುತ್ತಿತ್ತು. ಕೂಡಲೇ ಕಾರನ್ನು ನೆಲಕ್ಕಿಳಿಸಿ, ಬೋಲ್ಟು ಸಡಿಲಿಸಿ, ಹಿಂದಿನ ಸೀಟಿನಲ್ಲಿ ಅಕ್ಕಿಮೂಟೆಯನ್ನೂ ಉಜ್ಜನಪ್ಪನನ್ನೂ ಕೂರಿಸಿ, ಕೂತ ಭಾರದಲ್ಲೇ ಮತ್ತೆ ಬಿಗಿದನು. ಈ ಬಾರಿ ಕಾರಿನಡಿ ಜಾಗ ಕಡಿಮೆ, ಉರುಳಾಟ ಹೆಚ್ಚು. ತಂಬಿಗೆ ಮುಕ್ಕಾಲು ತುಂಬಿ ಮರಳಿತು.

ಪದ್ಮಮ್ಮ ತಂಬಿಗೆಯನ್ನೂ ಗಂಡನನ್ನೂ ನೋಡಿದಳು. “ನಾನೇ ಹಿಡ್ಕೊಂಡು ಕೂರ್ತೀನಿ ಬಿಡಿ. ಅದಕ್ಕೂ ಒಂದು ಮಡಿಲು ಬೇಕು” ಎಂದಳು.

8. ಕಳೆದ ಶನಿವಾರ, ಮಾಘದ ಚಳಿ ಇನ್ನೂ ಬಿಡದ ಬೆಳಿಗ್ಗೆ, ಭದ್ರಾವತಿಯಿಂದ ಹೊರಟದ್ದು ತಮ್ಮ ಕಣ್ಣೆದುರೇ ಇದೆ. ಎತ್ತಿನ ಗಾಡಿಗಳೂ ನಮ್ಮನ್ನು ಹಿಂದೆ ಹಾಕಿದವು. ತುಂಗಾ ಸೇತುವೆಯ ಕೀಲುಗಳ ಮೇಲೆ ಅರ್ಜಿದಾರ ಉಸಿರು ಹಿಡಿದು ದಾಟಿದನು. ಶಿವಮೊಗ್ಗ ಬಿಟ್ಟ ಮೇಲಿನ ಗುಂಡಿಗಳಲ್ಲಿ ಒಂದೆರಡು ಕಡೆ ಕಾರು ಜೋರಾಗಿಯೇ ಕುಲುಕಿತು. ಹಿಂದೆ ಪದ್ಮಮ್ಮ ತುಂಬಿದ ತಂಬಿಗೆಯನ್ನು ಮಡಿಲಲ್ಲಿ ಹಿಡಿದು ಕೂತಿದ್ದಳು. “ಪದ್ಮಾ?” ಎಂದರೆ, “ರಸ್ತೆ ನೋಡ್ರೀ” ಎಂಬ ಉತ್ತರ.

ಗುಡಿಯ ಮುಂದೆ ಆಕೆಯನ್ನು ಇಳಿಸಿ, ಅರ್ಜಿದಾರ ಕಾರನ್ನು ಅರಳಿಕಟ್ಟೆಯ ನೆರಳಿಗೆ ನಿಲ್ಲಿಸಿ ಬರುವಷ್ಟರಲ್ಲಿ ಪದ್ಮಮ್ಮ ಒಬ್ಬಳೇ ನಡೆದು ಮೆಟ್ಟಿಲ ಬಳಿ ನಿಂತಿದ್ದಳು. ತಂಬಿಗೆ ಮುಂದೆ ಹಿಡಿದಳು. ಕಂಠದವರೆಗೆ ನೀರು.

“ನೋಡಿ. ಒಂದು ಹನಿ ಚೆಲ್ಲಿಲ್ಲ.”

ಆಕೆಯ ಸೀರೆ ಮಡಿಲಿನಿಂದ ಮೊಣಕಾಲಿನವರೆಗೆ ಒದ್ದೆಯಾಗಿತ್ತು.

“ಇದೇನು?”

“ಬೆವರು.”

ಮಾಘ ಮಾಸದಲ್ಲಿ, ಸ್ವಾಮೀ. ಗುಡಿಯ ಅಂಗಳದ ನಲ್ಲಿ ನೆಲದಿಂದ ಮೊಣಕಾಲೆತ್ತರದಲ್ಲಿದೆ. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅಂದರೆ ಆಕೆ ಬಗ್ಗಿದ್ದಾಳೆ. ತುಂಬಿದ ತಂಬಿಗೆ ಹಿಡಿದು ಎದ್ದಿದ್ದಾಳೆ. ಆಪರೇಷನ್ ಆದಾಗಿನಿಂದ ಯಾರೂ ಆಕೆಯಿಂದ ಮಾಡಿಸಲಾಗದ್ದನ್ನು ಒಂದು ಸುಳ್ಳಿಗಾಗಿ ಮಾಡಿದ್ದಾಳೆ. ಅರ್ಜಿದಾರ ಸನ್ನಿಧಿಗೆ ನಮಸ್ಕರಿಸಲು ಬಗ್ಗಿದನು. ಬಗ್ಗಿದವನು ಏಳಲಿಲ್ಲ.

9. ಕಾರಿನಡಿ ಉಳುಕಿದ್ದ ಸೊಂಟ ಮೆಟ್ಟಿಲ ಬಳಿಯೇ ಹಿಡಿದುಕೊಂಡಿತು. ಉರುಳುವ ಮಾತಿರಲಿ, ಅರ್ಜಿದಾರನನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ, ಕರೆಸಿದ ಉಜ್ಜನಪ್ಪ ಲಾರಿಯಂತೆ ಓಡಿಸಿಕೊಂಡು ತಂದನು. ಮುಂದೆ ಕೂತ ಪದ್ಮಮ್ಮ ಪ್ರತಿ ಗುಂಡಿಗೂ, “ಮೆಲ್ಲಗೆ ಉಜ್ಜನಪ್ಪಾ, ಜರ್ಕ್ ಆಗಬಾರ್ದು” ಎನ್ನುತ್ತಾ ಬಂದಳು. ಈಗ ಆಕೆಯ ಬೆಲ್ಟು ಅರ್ಜಿದಾರನಿಗೆ ಕಟ್ಟಲ್ಪಟ್ಟಿದೆ. ಕೂತ ಮೇಲೆ ಬಿಗಿಯಲಾಗಿದೆ.

10. ಕಾರಿನಡಿಯ ಉರುಳನ್ನು ಸೇವೆಯೆಂದು ಪರಿಗಣಿಸಲು ಗಣಪಯ್ಯನವರ ಆಕ್ಷೇಪಣೆ ಹೀಗಿದೆ: “ಉರುಳಬೇಕಾದ್ದು ದೇವರ ಸುತ್ತ, ಆಕ್ಸಲ್ ಸುತ್ತ ಅಲ್ಲ ಮಾರಾಯ. ಅದೂ ಪ್ರದಕ್ಷಿಣೆಯಾಗಿ.” ಇದಕ್ಕೆ ಅರ್ಜಿದಾರನ ವಿನಮ್ರ ಸಮಜಾಯಿಷಿ: ಹರಕೆಯ ಮಾತು ‘ನಿಮ್ಮ ಸುತ್ತ’ ಎಂದಷ್ಟೇ; ‘ನಿಮ್ಮ ಗುಡಿಯ ಸುತ್ತಲೇ’ ಎಂದಲ್ಲ. ಈ ಸಲ ಏತ್ವ ಇಲ್ಲ. ತಾವು ಎಲ್ಲೆಲ್ಲೂ ಇರುವಿರೆಂದು ಗಣಪಯ್ಯನವರೇ ಪುರಾಣದಲ್ಲಿ ಹೇಳಿರುವುದರಿಂದ, ಹಿಂದಿನ ಎಡ ಪಟ್ಟೆಯ ಬಳಿಯೂ ಇದ್ದಿರಲೇಬೇಕು.

ಆದ್ದರಿಂದ, ಮೇಲ್ಕಂಡ ಕಾರಣಗಳನ್ನು ಪರಾಮರ್ಶಿಸಿ,

ಅ) ಕಾರಿನಡಿಯ ಉರುಳಾಟವನ್ನು ಪೂರ್ಣ ಉರುಳುಸೇವೆಯಾಗಿ ಜಮಾ ಮಾಡಿಕೊಳ್ಳಬೇಕು. ಅಪ್ರದಕ್ಷಿಣೆಯಾಗಿ ಉರುಳಿದಷ್ಟನ್ನು ಕಳೆದುಕೊಳ್ಳಬಹುದು.

ಆ) ಸನ್ನಿಧಿಯ ಮೆಟ್ಟಿಲಲ್ಲಿ ಪದ್ಮಮ್ಮ ನೀಡಿದ ‘ಒಂದು ಹನಿ ಚೆಲ್ಲಿಲ್ಲ’ ಎಂಬ ಹೇಳಿಕೆಯನ್ನು ಸತ್ಯವೆಂದೇ ದಾಖಲಿಸಿಕೊಳ್ಳಬೇಕು. ಸಾಧ್ಯವಾಗದ ಪಕ್ಷದಲ್ಲಿ ಅದರ ಪಾಪವನ್ನು ಅರ್ಜಿದಾರನ ಖಾತೆಗೆ ಬರೆದುಕೊಂಡು, ಆಕೆ ಬಗ್ಗಿ ಎದ್ದದ್ದನ್ನು ಮಾತ್ರ ಆಕೆಯ ಖಾತೆಗೆ ಬರೆಯಬೇಕು.

ತಮ್ಮ ಒಪ್ಪಿಗೆಯನ್ನು ಬಲಗಡೆಯ ಹೂ ಬೀಳಿಸುವ ಮೂಲಕ ತಿಳಿಸಬಹುದು. ಹೂ ಬೀಳಿಸಲು ಬಿಡುವಿಲ್ಲದಿದ್ದರೆ ಹೂಂ ಎಂದರೂ ಸಾಕು. ಅದೂ ಆಗದಿದ್ದಲ್ಲಿ, ಕಥೆ ಇಲ್ಲಿಯವರೆಗೆ ನಿಲ್ಲದೆ ಬಂದಿರುವುದರಿಂದ, ಸ್ವಾಮಿಯವರು ಹೂಂ ಎನ್ನುತ್ತಲೇ ಇದ್ದರೆಂದು ಭಾವಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು.

ತಮ್ಮ ವಿಶ್ವಾಸಿ
(ಎಷ್ಟು ವಿಶ್ವಾಸಿ ಎಂಬುದು ತಮಗೇ ಗೊತ್ತು),
ಮೂರ್ತಪ್ಪ

ಸ್ಥಳ: ಭದ್ರಾವತಿ
ದಿನಾಂಕ: ಶನಿವಾರ, ತಮ್ಮ ವಾರ, ಇಸವಿ 2003

ಲಗತ್ತುಗಳು:
1) ಹಿಂದಿನ ಎಡ ಪಟ್ಟೆಯಿಂದ ಕೆರೆದ ತುಕ್ಕು, ಒಂದು ಪೊಟ್ಟಣ. ಗಣಪಯ್ಯನವರು ಕುಂಕುಮವೆಂದು ಹಂಚಬಾರದು.
2) ಅರ್ಜಿದಾರ ಉರುಳಿದ ಗೋಣಿಚೀಲ, ಸಾಕ್ಷಿಗಾಗಿ.
3) ಹಿತ್ತಾಳೆ ತಂಬಿಗೆ, ನೀರು ಸಹಿತ. ನೀರನ್ನು ಅಳೆಯದೆ ಅಭಿಷೇಕಕ್ಕೆ ಬಳಸಿ, ತಂಬಿಗೆ ಹಿಂದಿರುಗಿಸುವುದು. ತೆಗೆದುಕೊಂಡು ಹೋಗಲು ಪದ್ಮಮ್ಮ ತಾನೇ ಬರುತ್ತಾಳಂತೆ, ಬಸ್ಸಿನಲ್ಲಿ.